ತೆಳ್ಳಗಿದೆ ಎಂದು ಮರುಳಾಗಬೇಡಿ

ಮನೆಗೆ ಕಂಪ್ಯೂಟರ್ ತರಲು ಹೊರಟಿದ್ದೀರಿ, ಸಂತೋಷ. ಆದರೆ ಅಂಗಡಿಯಲ್ಲಿ ಆಲ್-ಇನ್-ಒನ್ ಕಂಡ ಕೂಡಲೇ ‘ಎಷ್ಟು ತೆಳ್ಳಗಿದೆ, ವೈರೇ ಇಲ್ಲ’ ಎಂದು ಕಾರ್ಡು ತೆಗೆದುಬಿಡುತ್ತೀರಲ್ಲ, ಅದಕ್ಕೇ ನಾನು ಬೈಯುವುದು. ಬೆಳ್ಳಗಿರುವುದೆಲ್ಲ ಹಾಲಲ್ಲ. ಐದು ನಿಮಿಷ ಕೂತು ಕೇಳಿ.

ಆಲ್-ಇನ್-ಒನ್ ಅಂದರೆ ಪರದೆಯ ಬೆನ್ನಿಗೇ ಇಡೀ ಕಂಪ್ಯೂಟರನ್ನು ಕೂಡಿಸಿದ್ದು. ಒಳಗೆ ಜಾಗ ಇಕ್ಕಟ್ಟು. ಹಾಗಾಗಿ ಬಹುಪಾಲು ಮಾಡೆಲ್‌ಗಳಲ್ಲಿ ಇರುವುದು ಲ್ಯಾಪ್‌ಟಾಪಿನ ಪ್ರೊಸೆಸರ್, ಲ್ಯಾಪ್‌ಟಾಪಿನ ಪುಟ್ಟ ರ‍್ಯಾಮ್. ಇನ್ನೊಂದು ಆಯ್ಕೆ ಟವರ್, ಅಂದರೆ ನಾವೆಲ್ಲ ‘ಸಿಪಿಯು’ ಎಂದು ಕರೆಯುವ ಆ ಡಬ್ಬ. (ನಿಜವಾದ ಸಿಪಿಯು ಅದರೊಳಗಿನ ಚಿಪ್ ಮಾತ್ರ. ಇರಲಿ, ಹೆಸರಿಗೆ ಜಗಳ ಬೇಡ.)

ನಾನೂ ಒಮ್ಮೆ ಅಂದಕ್ಕೆ ಸೋತು ಆಲ್-ಇನ್-ಒನ್ ತಂದವಳೇ. ನಾಲ್ಕನೇ ವರ್ಷ ಪರದೆಯ ಮೇಲೆ ಒಂದು ಗೆರೆ ಬಂತು, ತಿಂಗಳಲ್ಲಿ ಪೂರ್ತಿ ಕತ್ತಲು. ಒಳಗಿನ ಯಂತ್ರ ಗಟ್ಟಿಮುಟ್ಟಾಗಿಯೇ ಇತ್ತು. ಪರದೆ ಬದಲಿಸಲು ರಿಪೇರಿಯವರು ಹೇಳಿದ ದರಕ್ಕೆ ಇನ್ನಷ್ಟು ಸೇರಿಸಿದರೆ ಹೊಸದೇ ಬರುತ್ತಿತ್ತು. ನೆಗಡಿ ಬಂತೆಂದು ಮೂಗು ಕೊಯ್ದ ಹಾಗೆ, ಇಡೀ ಕಂಪ್ಯೂಟರ್ ಅಟ್ಟ ಸೇರಿತು. ನನ್ನ ತಮ್ಮನ ಟವರಿನಲ್ಲಿ ಒಳಗಿನ ಭಾಗಗಳಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್ ಸುಟ್ಟಾಗ ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗಿ ಇನ್ನೊಂದು ತಂದ, ಸಂಜೆಗೆ ಕೆಲಸ ಶುರು. ಅವನ ಮಾನಿಟರ್ ಈಗ ಎರಡನೇ ಡಬ್ಬದ ಜೊತೆ ಸಂಸಾರ ಮಾಡುತ್ತಿದೆ.

ಕೆಟ್ಟಾಗ ಮಾತ್ರವಲ್ಲ, ಹಳೆಯದಾದಾಗಲೂ ಇದೇ ಪಾಡು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತಲ್ಲ, ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದರ ಮುಂದಿನದು ಬೇಕು. ಟವರ್ ಇದ್ದವರು ಬೋರ್ಡು, ಪ್ರೊಸೆಸರ್, ರ‍್ಯಾಮ್ ಬದಲಿಸಿ ಉಳಿದದ್ದನ್ನು ಉಳಿಸಿಕೊಂಡರು. ಆಲ್-ಇನ್-ಒನ್‌ನವರು ಚೆನ್ನಾಗಿರುವ ಪರದೆಯನ್ನೂ ಬದಿಗಿಟ್ಟು ಹೊಸದಕ್ಕೆ ಹಣ ಹೊಂದಿಸಬೇಕಾಯಿತು. 2021ರಿಂದ ಬಂದ 24 ಇಂಚಿನ ಐಮ್ಯಾಕ್‌ನಲ್ಲಂತೂ ಕೊಳ್ಳುವಾಗ ಎಷ್ಟು ರ‍್ಯಾಮ್ ಇತ್ತೋ ಕೊನೆತನಕ ಅಷ್ಟೇ.

ಹಾಗೆಂದು ಆಲ್-ಇನ್-ಒನ್ ಕೆಟ್ಟದ್ದು ಅನ್ನುತ್ತಿಲ್ಲ. ಕ್ಲಿನಿಕ್ಕಿನ ಕೌಂಟರಿಗೆ, ಅಮೆರಿಕದ ಮೊಮ್ಮಗುವಿನ ಜೊತೆ ವಿಡಿಯೊದಲ್ಲಿ ಮಾತಾಡುವ ಅಜ್ಜಿಗೆ ಅದೇ ಸರಿ. ಕ್ಯಾಮೆರಾ, ಮೈಕು, ಸ್ಪೀಕರ್ ಎಲ್ಲ ಅದರಲ್ಲೇ ಇರುತ್ತದೆ. ಅಂಥವರಿಗೆ ಕೊಳ್ಳುವಾಗ ಎಚ್‌ಡಿಎಂಐ ‘ಇನ್’ ಇದೆಯೇ ಎಂದು ಕೇಳಿ. ‘ಔಟ್’ ತೋರಿಸಿ ಸಾಗಹಾಕಿಯಾರು. ‘ಇನ್’ ಇದ್ದರೆ ಒಳಗಿನ ಕಂಪ್ಯೂಟರ್ ಹಳತಾದ ಮೇಲೂ ಅದನ್ನು ಮಾನಿಟರ್ ಆಗಿ ಬಳಸಬಹುದು. ಪರದೆಯ ಎತ್ತರ ಏರಿಸಿ ಇಳಿಸಲು ಬರುತ್ತದೆಯೇ ಅಂತಲೂ ನೋಡಿ. ಆಮೇಲೆ ಕತ್ತು ನೋವೆಂದು ನನ್ನ ಹತ್ತಿರ ಬರಬೇಡಿ.

ಆದರೆ ಮನೆಯಲ್ಲಿ ಓದುವ ಮಗನಿದ್ದಾನೆ, ಇವತ್ತು ಪ್ರಾಜೆಕ್ಟು, ನಾಳೆ ವಿಡಿಯೊ ಎಡಿಟಿಂಗ್ ಅನ್ನುತ್ತಾನೆ ಅಂತಾದರೆ ಎರಡನೇ ಮಾತಿಲ್ಲದೆ ಟವರ್ ತನ್ನಿ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ದುಬಾರಿ ಗ್ರಾಫಿಕ್ಸ್ ಕಾರ್ಡನ್ನು ಈಗಲೇ ಹೇರಿಕೊಳ್ಳಬೇಡಿ, ಬೇಕಾದಾಗ ಹಾಕಿಸಬಹುದು. ಎಸ್‌ಎಸ್‌ಡಿ ಮಾತ್ರ ಮೊದಲ ದಿನವೇ ಇರಲಿ. ನಾಲ್ಕು ಕಾಸು ಉಳಿಸಲು ಹೆಸರಿಲ್ಲದ ಎಸ್‌ಎಂಪಿಎಸ್ ಹಾಕಿಸುತ್ತೀರಲ್ಲ, ಅದು ಹೋಗುವಾಗ ಬೋರ್ಡನ್ನೂ ಜೊತೆಗೆ ಕರೆದೊಯ್ದೀತು.

ತಂದ ಮೇಲೆ ಡಬ್ಬವನ್ನು ನೆಲದ ಮೇಲೆ ಇಡಬೇಡಿ. ಒರೆಸುವ ನೀರು, ಧೂಳು, ಇರುವೆ ಎಲ್ಲಕ್ಕೂ ಅದೇ ದಾರಿ. ಕಸೂತಿ ಬಟ್ಟೆ ಹೊದಿಸಿ ಗಾಳಿಕಿಂಡಿ ಮುಚ್ಚಬೇಡಿ, ಅದೇನು ಹಾರ್ಮೋನಿಯಂ ಅಲ್ಲ. ಯಾವುದನ್ನೇ ಕೊಂಡರೂ ಯುಪಿಎಸ್ ಇರಲೇಬೇಕು, ಅರ್ಥಿಂಗ್ ಸರಿಯಿರಬೇಕು. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಸಿಕ್ಕಿಸಬೇಡಿ, ಅದು ಎಳೆಯುವ ಕರೆಂಟನ್ನು ಮನೆಯ ಸಣ್ಣ ಯುಪಿಎಸ್ ತಾಳದು. ಬಿಲ್ಲನ್ನು ಇವತ್ತೇ ಫೋಟೊ ತೆಗೆದಿಟ್ಟುಕೊಳ್ಳಿ. ಆ ನುಣುಪು ಕಾಗದದ ಅಕ್ಷರ ವಾರಂಟಿಗಿಂತ ಮೊದಲೇ ಅಳಿಸಿಹೋಗುತ್ತದೆ.