ಪಿಎಫ್ ಪೂರ್ತಿ ತೆಗೆಯುವ ಮುನ್ನ

ಪ್ರಶ್ನೆ: ಭದ್ರಾವತಿಯಲ್ಲಿ 8 ವರ್ಷ ಗುತ್ತಿಗೆ ವೆಲ್ಡರ್ ಆಗಿದ್ದೆ. ಈಗ ಕೆಲಸವಿಲ್ಲ. ಪಿಎಫ್ ಪೂರ್ತಿ ತೆಗೆದು ಅಂಗಡಿ ಹಾಕಲೇ?

ಉತ್ತರ: ಆತುರ ಬೇಡ. ಕಾಗದ ಕಾರ್ಖಾನೆ ನಿಂತು, ಉಕ್ಕಿನ ಕಾರ್ಖಾನೆ ಸೊರಗಿದ ಊರಿನಲ್ಲಿ ಕೊಳ್ಳುವವರ ಕೈಯೂ ಬರಿದಾಗಿರುತ್ತದೆ. ಪಿಎಫ್ ಜೊತೆಗಿರುವ ಪಿಂಚಣಿ ಯೋಜನೆಯಲ್ಲಿ 10 ವರ್ಷದ ಸೇವೆ ತುಂಬಿದರೆ 58ನೇ ವಯಸ್ಸಿನಿಂದ ತಿಂಗಳ ಪಿಂಚಣಿ ನಿಮ್ಮ ಹಕ್ಕು. ಪಿಂಚಣಿಯ ಹಣ ಹಿಂಪಡೆದರೆ ಈ 8 ವರ್ಷ ಲೆಕ್ಕಕ್ಕೆ ಬರುವುದಿಲ್ಲ. ಫಾರಂ 10ಸಿಯಲ್ಲಿ ಹಣದ ಬದಲು, ಈ ಸೇವೆಯ ಲೆಕ್ಕ ಉಳಿಸುವ ಸ್ಕೀಮ್ ಸರ್ಟಿಫಿಕೇಟ್ ಕೇಳಿ. ಹೊಸ ಕೆಲಸದಲ್ಲೂ ಹಳೆಯ ಯುಎಎನ್ (ಪಿಎಫ್ ಸದಸ್ಯರ ಗುರುತಿನ ಸಂಖ್ಯೆ) ಅನ್ನೇ ಕೊಡಿ. ಒಬ್ಬರೇ ಗುತ್ತಿಗೆದಾರರ ಬಳಿ ಸತತ 5 ವರ್ಷ ದುಡಿದಿದ್ದರೆ ಗ್ರಾಚ್ಯುಟಿಗೂ ಲಿಖಿತ ಅರ್ಜಿ ಹಾಕಿ, ಸ್ವೀಕೃತಿ ಪಡೆಯಿರಿ. ಗ್ರಾಚ್ಯುಟಿ ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಿ. ನಿಮ್ಮ ಕೈಕಸುಬಿಗೆ ಕೌಶಲ ಪ್ರಮಾಣಪತ್ರವನ್ನೂ ಮಾಡಿಸಿಕೊಳ್ಳಿ. ಕೆಲಸ ಹೋಗಿದೆ, ಕಸುಬು ಹೋಗಿಲ್ಲ.