ವ್ಯಸನ ಮತ್ತು ಚೇತರಿಕೆ: ಅಂತರಜಾಲದಲ್ಲಿ ನಂಬುಗೆಯ ನೆರವನ್ನು ಅರಸುವ ಬಗೆ

ಉದ್ದೇಶ: ಈ ಘಟಕವನ್ನು ಅಭ್ಯಸಿಸಿದ ಶಿಕ್ಷಕರು ವ್ಯಸನದ ಬಗೆಗಿನ ಮಾಹಿತಿಯನ್ನು ಅಂತರಜಾಲದಲ್ಲಿ ವಿವೇಚನೆಯಿಂದ ಹುಡುಕಲು, ಅಪಾಯಕಾರಿ ಸಲಹೆಗಳನ್ನು ಗುರುತಿಸಲು ಹಾಗೂ ನೆರವು ಬೇಕಾದ ಮಗುವಿಗೂ ಮನೆಯವರಿಗೂ ಸರಿಯಾದ ದಾರಿಯನ್ನು ತೋರಲು ಸಮರ್ಥರಾಗುವರು.

1. ಪೀಠಿಕೆ

ಕಾಸರಗೋಡಿನ ಕನ್ನಡ ಶಾಲೆಗೆ ಬರುವ ಮಗುವಿನ ಮನೆಮಾತು ತುಳುವೋ ಕನ್ನಡವೋ ಕೊಂಕಣಿಯೋ ಮರಾಠಿಯೋ ಆಗಿರುತ್ತದೆ. ಆರೋಗ್ಯ ಕೇಂದ್ರದ ಕರಪತ್ರ ಹೆಚ್ಚಾಗಿ ಮಲಯಾಳದಲ್ಲಿರುತ್ತದೆ. ಫೋನಿನಲ್ಲಿ ಹುಡುಕಿದರೆ ಇಂಗ್ಲಿಷಿನ ಪುಟಗಳೋ ಜಾಹೀರಾತುಗಳೋ ಮೊದಲು ತೆರೆದುಕೊಳ್ಳುತ್ತವೆ. ಕುಡಿತದಿಂದ ನಲುಗಿದ ಮನೆಯ ತಾಯಿಯೊಬ್ಬಳು ಈ ಮೂರರ ನಡುವೆ ದಿಕ್ಕು ಕಾಣದೆ ನಿಲ್ಲುವುದುಂಟು. ಅಂಥವಳು ಸಂಕೋಚವಿಲ್ಲದೆ ಮಾತನಾಡಿಸಬಹುದಾದ ವಿದ್ಯಾವಂತ ವ್ಯಕ್ತಿಯೆಂದರೆ ಬಹಳ ಸಲ ಮಗುವಿನ ಶಿಕ್ಷಕರೇ.

ಕೇಂದ್ರದ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯವು 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರು ಮಾತ್ರ ಯಾವುದಾದರೊಂದು ಚಿಕಿತ್ಸೆಯನ್ನು ಪಡೆದಿದ್ದರು. ಚಿಕಿತ್ಸೆಯ ತನಕ ತಲುಪುವ ದಾರಿ ತಿಳಿಯದಿರುವುದೂ ಈ ಅಂತರಕ್ಕೆ ಒಂದು ಕಾರಣ. ಆ ದಾರಿಯನ್ನು ತೋರುವುದು ಶಿಕ್ಷಕರಿಂದ ಆಗಬಹುದಾದ ಕೆಲಸ. ರೋಗನಿರ್ಣಯವನ್ನೂ ಚಿಕಿತ್ಸೆಯನ್ನೂ ವೈದ್ಯರಿಗೆ ಬಿಡಬೇಕು.

2. ಪದಗಳ ತೊಡಕು

ಹುಡುಕಾಟವು ಪದದಿಂದ ಆರಂಭವಾಗುತ್ತದೆ. ಗಡಿನಾಡಿನಲ್ಲಿ ಪದವೇ ಮೊದಲ ಎಡವುಗಲ್ಲು. ಮಲಯಾಳದಲ್ಲಿ ‘ಲಹರಿ’ ಎಂದರೆ ಅಮಲು, ಮಾದಕ ವಸ್ತು. ಕನ್ನಡದಲ್ಲಿ ಅದೇ ಪದಕ್ಕೆ ಅಲೆ, ಮನಸ್ಸಿನ ಉಲ್ಲಾಸ ಎಂಬ ಅರ್ಥ. ‘ಲಹರಿ ವಿರುದ್ಧ’ ಎಂಬ ಭಿತ್ತಿಪತ್ರವನ್ನು ಕಂಡ ಕನ್ನಡ ಮಾಧ್ಯಮದ ಮಗುವಿಗೆ ಈ ಭೇದವನ್ನು ತಿಳಿಸದಿದ್ದರೆ ಸಂದೇಶವೇ ತಲುಪುವುದಿಲ್ಲ.

ಕನ್ನಡದೊಳಗೂ ಪದಗಳಿಗೆ ಬೇರೆ ಬೇರೆ ತೂಕವಿದೆ. ‘ಕುಡುಕ’ ಎಂಬುದು ನಿಂದೆ. ‘ಚಟ’ ಎಂಬುದರಲ್ಲಿ ಮನಸ್ಸು ಮಾಡಿದರೆ ಬಿಡಬಹುದೆಂಬ ಧ್ವನಿಯಿದೆ. ‘ವ್ಯಸನ’, ‘ಮದ್ಯ ಅವಲಂಬನೆ’ ಎಂಬ ಪದಗಳು ಅದನ್ನು ಚಿಕಿತ್ಸೆಗೆ ಒಳಪಡುವ ಸ್ಥಿತಿಯಾಗಿ ಕಾಣುತ್ತವೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯೂ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನು ಮಾನಸಿಕ ಅಸ್ವಾಸ್ಥ್ಯದ ವ್ಯಾಪ್ತಿಯಲ್ಲಿ ಸೇರಿಸಿದೆ. ‘ಕುಡಿತ ಬಿಡಿಸುವ ಔಷಧಿ’ ಎಂದು ಹುಡುಕುವವರ ಮುಂದೆ ಮಾರಾಟಗಾರರು ಸಾಲುಗಟ್ಟುತ್ತಾರೆ. ‘ಮದ್ಯ ಅವಲಂಬನೆ ಚಿಕಿತ್ಸೆ’, ‘ವ್ಯಸನಮುಕ್ತಿ ಕೇಂದ್ರ’, ‘ಡಿ-ಅಡಿಕ್ಷನ್’ ಎಂಬ ಪದಗಳ ಜೊತೆಗೆ ಜಿಲ್ಲೆಯ ಹೆಸರನ್ನೋ ‘ನಿಮ್ಹಾನ್ಸ್’ ಎಂಬ ಹೆಸರನ್ನೋ ಸೇರಿಸಿ ಹುಡುಕುವುದು ಲೇಸು.

3. ಮಾಹಿತಿಯನ್ನು ಒರೆಗೆ ಹಚ್ಚುವ ಪ್ರಶ್ನೆಗಳು

ಯಾವುದೇ ಪುಟವನ್ನು ನಂಬುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. 

(ಅ) ಬರೆದವರು ಯಾರು? ಸರಕಾರಿ ತಾಣಗಳ ವಿಳಾಸವು ಸಾಮಾನ್ಯವಾಗಿ ‘ಡಾಟ್ ಗವ್ ಡಾಟ್ ಇನ್’ ಎಂದು ಮುಗಿಯುತ್ತದೆ. 

(ಆ) ಪುಟವು ಏನನ್ನಾದರೂ ಮಾರುತ್ತಿದೆಯೇ? 

(ಇ) ‘ಏಳೇ ದಿನಗಳಲ್ಲಿ’, ‘ನೂರಕ್ಕೆ ನೂರು ಖಚಿತ’ ಎಂಬ ಭರವಸೆಯಿದೆಯೇ? ಇದ್ದರೆ ಅಲ್ಲಿಗೇ ಬಿಡಬೇಕು. ಚೇತರಿಕೆಯು ದೀರ್ಘ ಪ್ರಯಾಣ. ನಡುವೆ ಮರಳಿ ಕುಡಿಯುವುದೂ ಸಂಭವಿಸುತ್ತದೆ. 

(ಈ) ಚಿಕಿತ್ಸೆಯ ಬಳಿಕದ ಪಾಲನೆಯ ಕುರಿತು ಮಾತಿದೆಯೇ?

ಚಿಕಿತ್ಸಾ ಕೇಂದ್ರದ ಜಾಹೀರಾತಾದರೆ, ಅದು ಕಾಯಿದೆಯಂತೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೇ, ಮನೋವೈದ್ಯರು ನೋಡುತ್ತಾರೆಯೇ, ಮನೆಯವರಿಗೆ ಭೇಟಿಗೆ ಅವಕಾಶವಿದೆಯೇ, ಅಪ್ರಾಪ್ತರಿಗೆ ವಯಸ್ಕರಿಂದ ಪ್ರತ್ಯೇಕ ವ್ಯವಸ್ಥೆಯಿದೆಯೇ ಎಂದು ವಿಚಾರಿಸುವಂತೆ ಮನೆಯವರಿಗೆ ತಿಳಿಸಬೇಕು.

4. ಪ್ರಾಣಕ್ಕೆ ಎರವಾಗಬಲ್ಲ ಎರಡು ಸಲಹೆಗಳು

ಮೊದಲನೆಯದು, ‘ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ’ ಎಂಬ ಸಲಹೆ. ಡೈಸಲ್ಫಿರಾಮ್ ಎಂಬ ಔಷಧವನ್ನು ಸೇವಿಸಿದವರು ಮದ್ಯ ಕುಡಿದರೆ ಮುಖ ಕೆಂಪೇರುತ್ತದೆ, ವಾಂತಿಯಾಗುತ್ತದೆ, ಎದೆಬಡಿತ ಹೆಚ್ಚುತ್ತದೆ, ರಕ್ತದೊತ್ತಡ ಕುಸಿಯಬಹುದು. ಆದುದರಿಂದಲೇ ವೈದ್ಯರು ಅದನ್ನು ರೋಗಿಗೆ ಎಲ್ಲವನ್ನೂ ವಿವರಿಸಿ, ಅವರ ಒಪ್ಪಿಗೆಯ ಮೇಲೆ ಮಾತ್ರ ಕೊಡುತ್ತಾರೆ. ಗುಟ್ಟಾಗಿ ಬೆರೆಸಿದ ಪುಡಿಯಲ್ಲಿ ಏನಿದೆಯೆಂದು ಮನೆಯವರಿಗೂ ತಿಳಿದಿರುವುದಿಲ್ಲ.

ಎರಡನೆಯದು, ‘ಇಂದೇ ಸಂಪೂರ್ಣ ನಿಲ್ಲಿಸಿ, ಕೋಣೆಯಲ್ಲಿ ಕೂಡಿಹಾಕಿ’ ಎಂಬ ಸಲಹೆ. ದಿನವೂ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಗೇ ನಿಲ್ಲಿಸಿದಾಗ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ರಾಹೀನತೆ ತೋರಬಹುದು. ಮೊದಲ ಎರಡು ದಿನಗಳಲ್ಲಿ ಅಪಸ್ಮಾರದಂತಹ ಸೆಳೆತ, ಎರಡು ಮೂರು ದಿನಗಳಲ್ಲಿ ಭ್ರಮೆ ಮತ್ತು ಗೊಂದಲದ ತೀವ್ರ ಸ್ಥಿತಿ ಕಾಣಿಸಬಹುದು. ಚಿಕಿತ್ಸೆಯಿಲ್ಲದಿದ್ದರೆ ಇದು ಮರಣಕ್ಕೂ ಕಾರಣವಾದೀತು. 2020ರ ಮಾರ್ಚ್ ತಿಂಗಳಲ್ಲಿ ಲಾಕ್‌ಡೌನಿನಿಂದ ಮದ್ಯದಂಗಡಿಗಳು ಒಮ್ಮೆಗೇ ಮುಚ್ಚಿದಾಗ ಕೇರಳದಲ್ಲಿ ಇಂತಹ ಸಂಕಟಕ್ಕೆ ಸಿಲುಕಿದವರ ಸಾವುಗಳು ವರದಿಯಾದುದನ್ನು ನಾವು ಮರೆಯಬಾರದು. ಮದ್ಯವನ್ನು ಬಿಡುವ ನಿರ್ಧಾರ ಶ್ಲಾಘ್ಯ. ಬಿಡುವುದು ವೈದ್ಯರ ನೆರವಿನಿಂದ ಆಗಬೇಕು. ಸೆಳೆತ, ಗೊಂದಲ ಕಂಡರೆ ಹುಡುಕಾಟವನ್ನು ನಿಲ್ಲಿಸಿ 108ಕ್ಕೆ ಕರೆ ಮಾಡಬೇಕು.

5. ನೆರವಿನ ಬಾಗಿಲುಗಳು

ಶಿಕ್ಷಕರ ದಿನಚರಿಯಲ್ಲಿ ಈ ಸಂಖ್ಯೆಗಳಿರಲಿ.

14416: ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲಿರುಳೂ ಲಭ್ಯ. ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶಕ ಸಂಸ್ಥೆ. ಭಾಷೆಯನ್ನು ಆರಿಸಿಕೊಳ್ಳುವ ಅವಕಾಶವಿದ್ದು, ಕನ್ನಡವೂ ಅವುಗಳಲ್ಲೊಂದು. ಗಡಿನಾಡಿನ ಪೋಷಕರಿಗೆ ಈ ಒಂದು ಮಾತನ್ನು ತಪ್ಪದೆ ತಿಳಿಸಬೇಕು.

14405: ಕೇರಳ ಅಬಕಾರಿ ಇಲಾಖೆಯ ‘ವಿಮುಕ್ತಿ’ ಅಭಿಯಾನದ ಸಹಾಯವಾಣಿ. ಈ ಅಭಿಯಾನದಡಿ ಜಿಲ್ಲೆಗೊಂದರಂತೆ ಸರಕಾರಿ ಚಿಕಿತ್ಸಾ ಕೇಂದ್ರವಿದೆ.

14446: ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ. 

1800-11-2356: ತಂಬಾಕು ತ್ಯಜಿಸಲು ನೆರವಾಗುವ ರಾಷ್ಟ್ರೀಯ ವಾಣಿ. 

1098: ಮಕ್ಕಳ ಸಹಾಯವಾಣಿ. ಮಗು ಸ್ವತಃ ಕರೆ ಮಾಡಬಹುದು.

ಇವುಗಳ ಜೊತೆಗೆ ಸಹಸದಸ್ಯರ ಬೆಂಬಲದ ದಾರಿಯಿದೆ. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಹುಟ್ಟಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಸಂಘದ ಸಭೆಗಳು ನಮ್ಮ ದೇಶದಲ್ಲೂ ನಡೆಯುತ್ತವೆ. ಇಂದು ಅಂತರಜಾಲದ ಮೂಲಕವೂ ಸೇರಬಹುದು. ಶುಲ್ಕವಿಲ್ಲ, ಪೂರ್ಣ ಹೆಸರನ್ನು ಹೇಳಬೇಕಾಗಿಲ್ಲ. ಕುಡಿಯುವವರ ಮನೆಯವರಿಗೆ ‘ಅಲ್-ಅನಾನ್’ ಎಂಬ ಬೇರೆಯೇ ಸಂಘವಿದೆ. ಕರಾವಳಿಯವರಿಗೆ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳೂ ಪರಿಚಿತವೇ. ಸಂಘವಾಗಲಿ ಶಿಬಿರವಾಗಲಿ ಮನೋಬಲವನ್ನು ಕೊಡುತ್ತದೆ. ದೇಹದ ತೀವ್ರ ಲಕ್ಷಣಗಳಿಗೆ ವೈದ್ಯರೇ ಬೇಕು.

6. ಗೋಪ್ಯತೆ ಮತ್ತು ಕಾನೂನು

ಮಗುವಿನ ಹೆಸರನ್ನಾಗಲಿ ಮನೆಯ ಸ್ಥಿತಿಯನ್ನಾಗಲಿ ವಾಟ್ಸಾಪ್ ಗುಂಪಿನಲ್ಲಿ ಬರೆಯಬಾರದು. ಸಹಾಯವಾಣಿಯ ಸಂಖ್ಯೆಯನ್ನು ಒಬ್ಬ ತಾಯಿಗೆ ಮಾತ್ರ ಕಳುಹಿಸಿದರೆ ಆ ಫೋನನ್ನು ಮನೆಯಲ್ಲಿ ಇನ್ನಾರು ನೋಡುವರೆಂದು ಮೊದಲೇ ಕೇಳಬೇಕು. ಕುಡಿತವಿರುವ ಮನೆಯಲ್ಲಿ ಒಂದು ಸಂದೇಶವೇ ಹೊಡೆತಕ್ಕೆ ನೆಪವಾದೀತು. ಎಲ್ಲ ಪೋಷಕರಿಗೂ ಒಂದೇ ಪಟ್ಟಿಯನ್ನು ಹಂಚಿದರೆ ಯಾರನ್ನೂ ಬೊಟ್ಟು ಮಾಡಿದಂತಾಗುವುದಿಲ್ಲ.

ಶಾಲೆಯ 100 ಗಜಗಳೊಳಗೆ ತಂಬಾಕು ಮಾರುವುದನ್ನು 2003ರ ಕಾಯಿದೆಯು ನಿಷೇಧಿಸಿದೆ. ಮಗುವಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕನ್ನು ಕೊಡುವುದು 2015ರ ಬಾಲ ನ್ಯಾಯ ಕಾಯಿದೆಯಂತೆ ಏಳು ವರ್ಷಗಳವರೆಗೆ ಕಠಿಣ ಸಜೆಗೆ ಅರ್ಹವಾದ ಅಪರಾಧ. ಇಲ್ಲಿ ಅಪರಾಧಿ ಕೊಟ್ಟವನು. ಮಗುವಿನ ಚೀಲದಲ್ಲಿ ತಂಬಾಕಿನ ಪೊಟ್ಟಣ ಸಿಕ್ಕಿತೆಂದು ಪ್ರಾರ್ಥನಾ ಸಭೆಯಲ್ಲಿ ನಿಲ್ಲಿಸಿದರೆ ಆ ಮಗು ಮತ್ತೆಂದೂ ನಮ್ಮೊಡನೆ ಮನಬಿಚ್ಚದು.

7. ಚಟುವಟಿಕೆ

ಶಿಕ್ಷಕರು ನಾಲ್ವರ ಗುಂಪಾಗಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಒಂದೇ ವಿಷಯವನ್ನು ಹುಡುಕಿ, ದೊರೆತ ಮೊದಲ ಐದು ಪುಟಗಳನ್ನು ಮೂರನೆಯ ಭಾಗದ ಪ್ರಶ್ನೆಗಳಿಂದ ಪರೀಕ್ಷಿಸಲಿ. ಬಳಿಕ ತಮ್ಮ ಶಾಲೆಗೆ ಹತ್ತಿರದ ಸರಕಾರಿ ಕೇಂದ್ರ ಯಾವುದು, ಅಲ್ಲಿ ಕನ್ನಡ ಬಲ್ಲವರು ಇದ್ದಾರೆಯೇ ಎಂಬುದನ್ನು ದೂರವಾಣಿಯಲ್ಲಿ ವಿಚಾರಿಸಿ, ಕನ್ನಡದಲ್ಲಿ ಒಂದು ಪುಟದ ಕರಪತ್ರವನ್ನು ಸಿದ್ಧಪಡಿಸಲಿ.

8. ಚರ್ಚೆಗೆ

(ಅ) ಏಳನೆಯ ತರಗತಿಯ ಬಾಲಕಿಯೊಬ್ಬಳು ತಂದೆಯ ಗಲಾಟೆಯಿಂದ ರಾತ್ರಿ ನಿದ್ದೆಯಿಲ್ಲವೆಂದು ಹೇಳುತ್ತಾಳೆ; ಯಾರಿಗೂ ಹೇಳಬೇಡಿ ಎನ್ನುತ್ತಾಳೆ. ಶಿಕ್ಷಕರು ಯಾವ ಮಾತನ್ನು ಕೊಡಬಹುದು, ಯಾವುದನ್ನು ಕೊಡಲಾಗದು? 

(ಆ) ಪೋಷಕರೊಬ್ಬರು ‘ಗುಟ್ಟಾಗಿ ಬೆರೆಸುವ ಪುಡಿ’ಯ ವಿಡಿಯೊವನ್ನು ನಿಮಗೆ ತೋರಿಸುತ್ತಾರೆ. ಅವರ ಆಸೆಯನ್ನು ಮುರಿಯದೆ ಅಪಾಯವನ್ನು ಹೇಗೆ ತಿಳಿಸುವಿರಿ? 

(ಇ) ‘ಲಹರಿ’ಯಂತೆ ನೆರೆಭಾಷೆಯಲ್ಲಿ ಅರ್ಥ ಬದಲಾಗುವ ಇತರ ಪದಗಳನ್ನು ಪಟ್ಟಿ ಮಾಡಿ, ಆರೋಗ್ಯ ಸಂದೇಶಗಳಲ್ಲಿ ಅವು ಉಂಟುಮಾಡಬಹುದಾದ ತಪ್ಪು ತಿಳಿವಳಿಕೆಯನ್ನು ಗುರುತಿಸಿ.