ಶಬ್ದವು ಕಿವಿಯನ್ನು ಸೇರುವ ಬಗೆ: ಮನೆಯ ರಿಸೀವರಿಗೆ ಸ್ಪೀಕರುಗಳ ಜೋಡಣೆ

ಶಬ್ದದ ಸ್ವರೂಪವನ್ನು ಕುರಿತು ಪ್ರಾಚೀನ ಭಾರತೀಯರು ಆಳವಾಗಿ ಚಿಂತಿಸಿದ್ದರು. ನೈಯಾಯಿಕರು ಶಬ್ದವನ್ನು ಆಕಾಶದ ಗುಣವೆಂದು ಎಣಿಸಿ, ಅದು ಹುಟ್ಟಿದ ಎಡೆಯಿಂದ ಕಿವಿಯವರೆಗೆ ಸಾಗುವ ಕ್ರಮವನ್ನು ಎರಡು ನ್ಯಾಯಗಳಿಂದ ವಿವರಿಸಿದರು. ಕೊಳದಲ್ಲಿ ಒಂದು ತೆರೆ ಮತ್ತೊಂದು ತೆರೆಯನ್ನು ಎಬ್ಬಿಸುತ್ತ ದಡ ಮುಟ್ಟುವಂತೆ ಎಂಬುದು ವೀಚೀತರಂಗನ್ಯಾಯ. ಕದಂಬದ ಮೊಗ್ಗು ಎಲ್ಲ ದಿಕ್ಕುಗಳಿಗೂ ಏಕಕಾಲದಲ್ಲಿ ಅರಳುವಂತೆ ಎಂಬುದು ಕದಂಬಮುಕುಲನ್ಯಾಯ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ನಾಭಿಮೂಲದಿಂದ ಶಬ್ದವು ಹೊರಡುವ ಬಗೆಯನ್ನು ಕಹಳೆಗೆ ಹೋಲಿಸಿದನು. ಶಬ್ದವು ಗಾಳಿಯ ಕಂಪನವೆಂದೂ, ಬೆಚ್ಚಗಿನ ಗಾಳಿಯಲ್ಲಿ ಅದು ಸೆಕೆಂಡಿಗೆ ಸುಮಾರು ೩೫೦ ಮೀಟರು ಸಾಗುವುದೆಂದೂ ಇಂದಿನ ಭೌತಶಾಸ್ತ್ರವು ಹೇಳುತ್ತದೆ. ಮತಗಳು ಬೇರೆಯಾದರೂ ಪ್ರಶ್ನೆ ಒಂದೇ: ಹುಟ್ಟಿದ ಶಬ್ದವು ಕೆಡದೆ ಕೇಳುವವನನ್ನು ಸೇರುವುದು ಹೇಗೆ? ಮನೆಗೆ ಹೋಮ್ ಥಿಯೇಟರ್ ರಿಸೀವರನ್ನು ತಂದು ಸ್ಪೀಕರುಗಳನ್ನು ಜೋಡಿಸಲು ಹೊರಟವನ ಮುಂದೆ ನಿಲ್ಲುವ ಪ್ರಶ್ನೆಯೂ ಇದೇ ಆಗಿದೆ.

ಕರ್ಕಿಯ ಶ್ರವಣಪರಂಪರೆ

ಹೊನ್ನಾವರ ತಾಲ್ಲೂಕಿನ ಕರ್ಕಿಯಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ವವಿದೆ. ಹಾಸ್ಯಗಾರ ಮನೆತನದ ಮೇಳದಿಂದ ಈ ಊರಿನ ಹೆಸರು ಯಕ್ಷಗಾನ ಲೋಕದಲ್ಲಿ ಸುಪರಿಚಿತವಾಗಿದೆ. ೧೮೪೨ರಲ್ಲಿ ಕನ್ನಡ ಕರಾವಳಿಯ ಮೇಳವೊಂದು ಸಾಂಗಲಿಯಲ್ಲಿ ಆಡಿದ ಆಟವನ್ನು ಕಂಡು, ಅಲ್ಲಿಯ ಸಂಸ್ಥಾನಾಧಿಪತಿ ಚಿಂತಾಮಣರಾವ್ ಪಟವರ್ಧನರು ಮರಾಠಿಯಲ್ಲಿಯೂ ಅಂತಹುದನ್ನು ರಚಿಸುವಂತೆ ವಿಷ್ಣುದಾಸ ಭಾವೆಯವರಿಗೆ ಸೂಚಿಸಿದರು. ಅದರ ಫಲವಾಗಿ ೧೮೪೩ರಲ್ಲಿ ‘ಸೀತಾಸ್ವಯಂವರ’ ರಂಗವೇರಿತು; ಮರಾಠಿ ರಂಗಭೂಮಿಯ ಚರಿತ್ರೆಯು ಅಲ್ಲಿಂದ ಮೊದಲಾಗುವುದೆಂಬ ಮಾತು ಪ್ರಸಿದ್ಧ. ಆ ಮೇಳವು ಕರ್ಕಿಯದೇ ಎಂದು ಯಕ್ಷಗಾನ ಸಂಶೋಧಕರು ಗುರುತಿಸುವರು.

ಆ ಕಾಲದ ಆಟಕ್ಕೆ ದೀವಟಿಗೆಯ ಬೆಳಕಿತ್ತು, ಮೈಕು ಇರಲಿಲ್ಲ. ಬಯಲಿನ ಕೊನೆಯ ಸಾಲಿನಲ್ಲಿ ಕುಳಿತವನಿಗೂ ಪದ್ಯ ಕೇಳಿಸಬೇಕೆಂದು ಭಾಗವತರು ಏರುಶ್ರುತಿಯಲ್ಲಿ ಹಾಡಿದರು. ಅರ್ಥಧಾರಿಗಳು ಅಕ್ಷರಅಕ್ಷರವನ್ನೂ ಬಿಡಿಸಿ ನುಡಿದರು. ಇಂದು ಅದೇ ಊರಿನ ಮನೆಗಳಲ್ಲಿ ದೂರದರ್ಶನದ ಮುಂದೆ ಕುಳಿತು ಆಟವನ್ನು ನೋಡುವವರಿದ್ದಾರೆ, ತಾಳಮದ್ದಲೆಯನ್ನು ಕೇಳುವವರಿದ್ದಾರೆ. ಗದ್ದಲ ಹೆಚ್ಚಿ, ಮಾತಿನ ಅರ್ಥವೇ ತಿಳಿಯದೆ ಹೋದರೆ ಯಂತ್ರಕ್ಕೆ ಕೊಟ್ಟ ಹಣ ವ್ಯರ್ಥ. ಆದಕಾರಣ ಮಾತು ಸ್ಪಷ್ಟವಾಗಿ ಕೇಳುವುದೇ ಜೋಡಣೆಯ ಮೊದಲ ಗುರಿಯಾಗಬೇಕು. ಅಬ್ಬರ ಅದರ ನಂತರದ್ದು.

ರಿಸೀವರಿನ ಕಾರ್ಯ

ರಿಸೀವರೆಂದರೆ ಸ್ವೀಕರಿಸುವ ಯಂತ್ರ. ಮೊದಲು ರೇಡಿಯೋ ಅಲೆಗಳನ್ನು ಸ್ವೀಕರಿಸಿ ಸ್ಪೀಕರಿಗೆ ಬಲ ಕೊಡುವ ಪೆಟ್ಟಿಗೆಗೆ ಈ ಹೆಸರಿತ್ತು. ಇಂದಿನ ರಿಸೀವರ್ ದೂರದರ್ಶನ, ಡಿಸ್ಕ್ ಪ್ಲೇಯರ್, ಕ್ಯಾಸೆಟ್ ಡೆಕ್ಕು ಮೊದಲಾದ ಅನೇಕ ಮೂಲಗಳಿಂದ ಬರುವ ಸಂಕೇತವನ್ನು ಒಳಗೆ ತೆಗೆದುಕೊಂಡು, ಬೇಕಾದುದನ್ನು ಆಯ್ದು, ಬಲಪಡಿಸಿ, ಆಯಾ ಸ್ಪೀಕರಿಗೆ ಹಂಚುತ್ತದೆ. ಯಾರು ಯಾವಾಗ ರಂಗಕ್ಕೆ ಬರಬೇಕು, ಯಾವ ತಾಳದಲ್ಲಿ ಕುಣಿಯಬೇಕು ಎಂಬುದನ್ನು ನಡೆಸುವ ಭಾಗವತರ ಸ್ಥಾನ ಇದಕ್ಕಿದೆ. ಒಳಬರುವ ದಾರಿಗಳು, ಹೊರಹೋಗುವ ದಾರಿಗಳು ಎಂದು ಅದರ ಹಿಂಬದಿಯ ಕಂಡಿಗಳನ್ನು ಎರಡು ಗುಂಪಾಗಿ ವಿಂಗಡಿಸಿಕೊಂಡರೆ ಅರ್ಧ ಗೊಂದಲ ನಿವಾರಣೆಯಾದಂತೆ. ಯಾವ ತಂತಿಯನ್ನು ಮುಟ್ಟುವ ಮೊದಲೂ ಯಂತ್ರವನ್ನು ನಂದಿಸಿ, ಗೋಡೆಯ ಪ್ಲಗ್ಗನ್ನು ಕಿತ್ತಿಡಬೇಕು.

ಸ್ಪೀಕರುಗಳ ಸ್ಥಾನ

ಐದು ಸ್ಪೀಕರುಗಳು, ಮಂದ್ರಧ್ವನಿಗೆಂದೇ ಇರುವ ಒಂದು ಸಬ್‌ವೂಫರ್ ಎಂಬುದು ಮನೆಗಳಲ್ಲಿ ಹೆಚ್ಚಾಗಿ ಕಾಣುವ ಏರ್ಪಾಡು. ಇವುಗಳಲ್ಲಿ ಮಧ್ಯದ ಸ್ಪೀಕರಿನಿಂದ ಚಲನಚಿತ್ರದ ಮಾತುಗಳ ಬಹುಭಾಗ ಹೊರಡುತ್ತದೆ. ಅದನ್ನು ಪರದೆಯ ಕೆಳಗೆ ಅಥವಾ ಮೇಲೆ ಇರಿಸಿ, ಅದರ ಮುಖ ಕೇಳುವವನ ಕಿವಿಯತ್ತ ತಿರುಗಿರುವಂತೆ ನೋಡಿಕೊಳ್ಳಬೇಕು. ಮುಂದಿನ ಎಡ-ಬಲ ಸ್ಪೀಕರುಗಳೂ ಕುಳಿತುಕೊಳ್ಳುವ ಸ್ಥಳವೂ ಸೇರಿ ಸಮಬಾಹು ತ್ರಿಕೋಣವಾಗಬೇಕು. ಎಂದರೆ ಮಧ್ಯರೇಖೆಯಿಂದ ಪ್ರತಿಯೊಂದೂ ೩೦ ಅಂಶಗಳ ಕೋನದಲ್ಲಿರಬೇಕು. ಸುತ್ತಿನ ಎರಡು ಸ್ಪೀಕರುಗಳು ಮಧ್ಯರೇಖೆಯಿಂದ ೧೦೦ರಿಂದ ೧೨೦ ಅಂಶಗಳಲ್ಲಿ, ಎಂದರೆ ಪಕ್ಕದಲ್ಲಿ ತುಸು ಹಿಂದಕ್ಕೆ, ಕಿವಿಗಿಂತ ಸ್ವಲ್ಪ ಎತ್ತರದಲ್ಲಿ ಇರತಕ್ಕದ್ದು. ಸಬ್‌ವೂಫರನ್ನು ಮೂಲೆಗೆ ತಳ್ಳಿದಷ್ಟೂ ಗುಡುಗು ಹೆಚ್ಚಾಗಿ ಮಾತು ಮಸುಕಾಗುತ್ತದೆ. ಮುಂಗೋಡೆಯ ಬಳಿ ಒಂದೆರಡು ಕಡೆ ಇಟ್ಟು ನೋಡಿ ನಿಶ್ಚಯಿಸುವುದು ಲೇಸು.

ಸಿಮೆಂಟಿನ ನೆಲ, ಬರಿಯ ಗೋಡೆಗಳುಳ್ಳ ಜಗಲಿಯಲ್ಲಿ ಶಬ್ದವು ಪುನಃ ಪುನಃ ಮರುದನಿಗೊಳ್ಳುತ್ತದೆ. ನೆಲಕ್ಕೆ ಒಂದು ದಪ್ಪ ಜಮಖಾನೆ, ಕಿಟಕಿಗೆ ಪರದೆ, ಗೋಡೆಯ ಬದಿಗೆ ಪುಸ್ತಕದ ಕಪಾಟು, ಇಷ್ಟರಿಂದಲೇ ಮಾತು ತಿಳಿಯಾಗುವುದುಂಟು. ಬೆಲೆಬಾಳುವ ಯಂತ್ರವನ್ನು ಕೊಳ್ಳುವ ಮೊದಲು ಈ ಉಪಾಯವನ್ನು ಮಾಡಿ ನೋಡುವುದು ಯುಕ್ತ.

ತಂತಿ, ಓಮ್ ಮತ್ತು ಧ್ರುವ

ಸ್ಪೀಕರಿನ ಹಿಂದೆ ೮ ಓಮ್, ೬ ಓಮ್, ೪ ಓಮ್ ಎಂದು ಬರೆದಿರುತ್ತದೆ. ಇದು ವಿದ್ಯುತ್ ಪ್ರವಾಹಕ್ಕೆ ಸ್ಪೀಕರು ಒಡ್ಡುವ ತಡೆಯ ಪ್ರಮಾಣ. ಅಂಕ ಕಡಿಮೆಯಾದಷ್ಟೂ ರಿಸೀವರು ಹೆಚ್ಚು ಪ್ರವಾಹವನ್ನು ಕೊಡಬೇಕಾಗುತ್ತದೆ. ಎಂಟು ಓಮಿನ ಎರಡು ಸ್ಪೀಕರುಗಳನ್ನು ಒಂದೇ ಕಂಡಿಗೆ ಸಮಾನಾಂತರವಾಗಿ ಜೋಡಿಸಿದರೆ ತಡೆ ನಾಲ್ಕು ಓಮಿಗೆ ಇಳಿಯುತ್ತದೆ. ಒಂದರ ಹಿಂದೊಂದು ಜೋಡಿಸಿದರೆ ಹದಿನಾರಕ್ಕೆ ಏರುತ್ತದೆ. ರಿಸೀವರಿನ ಬೆನ್ನಿನ ಮೇಲೆ ಅಚ್ಚಾಗಿರುವ ಕನಿಷ್ಠ ಅಂಕಕ್ಕಿಂತ ಕೆಳಗೆ ಇಳಿದರೆ ಯಂತ್ರವು ಕಾಯ್ದು ತಾನಾಗಿಯೇ ನಿಲ್ಲಬಹುದು ಅಥವಾ ಸುಟ್ಟುಹೋಗಬಹುದು.

ತಂತಿಯ ದಪ್ಪವನ್ನು ಲೆಕ್ಕದಿಂದ ನಿರ್ಣಯಿಸಬಹುದು. ಸ್ಪೀಕರು ಹತ್ತು ಮೀಟರು ದೂರವಿದ್ದರೆ ಹೋಗಿಬರುವ ದಾರಿ ಇಪ್ಪತ್ತು ಮೀಟರು. ಅರ್ಧ ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ ಅಷ್ಟು ದೂರಕ್ಕೆ ಸುಮಾರು ೦.೭ ಓಮ್ ತಡೆಯಿರುತ್ತದೆ. ಒಂದೂವರೆ ಚದರ ಮಿಲಿಮೀಟರಿನದರಲ್ಲಿ ಸುಮಾರು ೦.೨೩ ಓಮ್. ತಂತಿಯ ತಡೆ ಸ್ಪೀಕರಿನ ತಡೆಯ ನೂರಕ್ಕೆ ಐದು ಪಾಲನ್ನು ಮೀರಬಾರದೆಂಬುದು ವಾಡಿಕೆಯ ನಿಯಮ. ಎಂಟು ಓಮಿಗೆ ಈ ಮಿತಿ ೦.೪ ಓಮ್ ಆದುದರಿಂದ ಇಲ್ಲಿ ಒಂದೂವರೆ ಚದರ ಮಿಲಿಮೀಟರಿನ ತಂತಿ ಸಾಕು, ಅರ್ಧದ್ದು ಸಾಲದು.

ತಂತಿಯ ತುದಿಯ ಹೊದಿಕೆಯನ್ನು ಒಂದು ಸೆಂಟಿಮೀಟರಿನಷ್ಟು ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆದು, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಎಂಬಂತೆ ಸೇರಿಸಬೇಕು. ಒಂದೇ ಒಂದು ಎಳೆ ಪಕ್ಕದ ಕಂಡಿಯನ್ನು ಮುಟ್ಟಿದರೂ ಅನಾಹುತ. ಒಂದು ಸ್ಪೀಕರಿನಲ್ಲಿ ಮಾತ್ರ ಧ್ರುವ ತಿರುವುಮುರುವಾದರೆ, ಒಂದು ಶಂಕುಪಟಲವು ಮುಂದಕ್ಕೆ ಬರುವಾಗ ಇನ್ನೊಂದು ಹಿಂದಕ್ಕೆ ಸರಿದು ಮಂದ್ರಧ್ವನಿ ಪರಸ್ಪರ ಅಳಿಸಿಹೋಗುತ್ತದೆ. ಇದನ್ನು ಪತ್ತೆಹಚ್ಚುವುದು ಸುಲಭ. ಒಬ್ಬನೇ ಮಾತನಾಡುವ ಧ್ವನಿಮುದ್ರಣವನ್ನು ಮುಂದಿನ ಎರಡು ಸ್ಪೀಕರುಗಳಲ್ಲಿ ಹಾಕಿದಾಗ ಧ್ವನಿಯು ಇವೆರಡರ ನಡುವೆ ನಿಂತಂತೆ ಕೇಳಬೇಕು. ನೆಲೆಯಿಲ್ಲದೆ ಅತ್ತಿತ್ತ ಹರಡಿ, ತೆಳುವಾಗಿ ಕೇಳಿದರೆ ಒಂದು ಕಡೆಯ ಜೋಡಣೆ ತಪ್ಪಿದೆಯೆಂದೇ ತಿಳಿಯಬೇಕು.

ಮೂಲಗಳ ಜೋಡಣೆ

ದೂರದರ್ಶನದ ಎಚ್‌ಡಿಎಂಐ ಕಂಡಿಗಳಲ್ಲಿ ‘ಎಆರ್‌ಸಿ’ ಎಂದು ಗುರುತು ಮಾಡಿದುದನ್ನು ರಿಸೀವರಿನ ಅದೇ ಗುರುತಿನ ಕಂಡಿಗೆ ಸೇರಿಸಿದರೆ, ಒಂದೇ ಕೇಬಲ್ ಚಿತ್ರವನ್ನು ಅತ್ತ ಒಯ್ದು ಧ್ವನಿಯನ್ನು ಇತ್ತ ತರುತ್ತದೆ. ಹಳೆಯ ದೂರದರ್ಶನಕ್ಕೆ ಆಪ್ಟಿಕಲ್ ಕೇಬಲ್ ಉಂಟು. ಕ್ಯಾಸೆಟ್ ಡೆಕ್ಕಿನಿಂದ ಬರುವ ಕೆಂಪು, ಬಿಳಿ ಪ್ಲಗ್ಗುಗಳನ್ನು ‘ಆಕ್ಸ್’ ಅಥವಾ ‘ಸಿಡಿ’ ಎಂಬ ಕಂಡಿಗೆ ಕೊಡಬೇಕು. ‘ಫೋನೋ’ ಎಂಬುದು ಗ್ರಾಮಫೋನ್ ತಟ್ಟೆಯ ಯಂತ್ರಕ್ಕೆ ಮೀಸಲು. ಅದರ ಮುಳ್ಳಿನಿಂದ ಬರುವ ಸಂಕೇತ ಕೆಲವೇ ಮಿಲಿವೋಲ್ಟು. ಉಳಿದ ಮೂಲಗಳದು ಅದರ ನೂರಾರು ಪಟ್ಟು. ಡೆಕ್ಕನ್ನು ಫೋನೋ ಕಂಡಿಗೆ ಸೇರಿಸಿದರೆ ಸಂಕೇತವು ಮಿತಿಮೀರಿ ಧ್ವನಿ ವಿಕಾರವಾಗುತ್ತದೆ.

ಎಲ್ಲವನ್ನೂ ಜೋಡಿಸಿದ ಮೇಲೆ ‘ಹುಂ’ ಎಂಬ ನಿರಂತರ ನಾದ ಕೇಳಿದರೆ, ಯಂತ್ರಗಳು ಬೇರೆ ಬೇರೆ ಗೋಡೆಗಳಿಂದ ವಿದ್ಯುತ್ತನ್ನು ಪಡೆಯುತ್ತಿರುವುದು ಅದರ ಕಾರಣವಾಗಿರಬಹುದು. ಭೂಸಂಪರ್ಕವುಳ್ಳ ಒಂದೇ ಬೋರ್ಡಿನಿಂದ ಎಲ್ಲಕ್ಕೂ ವಿದ್ಯುತ್ ಕೊಟ್ಟರೆ ಬಹುಮಟ್ಟಿಗೆ ಅದು ಶಮನವಾಗುತ್ತದೆ. ಭೂಸಂಪರ್ಕದ ತಂತಿಯನ್ನು ಕಿತ್ತುಹಾಕಿ ನಾದವನ್ನು ನಿಲ್ಲಿಸುವುದು ಪ್ರಾಣಾಪಾಯಕರ, ಎಂದಿಗೂ ಸಲ್ಲದು.

ಹೊಂದಿಸಿ ಕೇಳುವ ಕ್ರಮ

ಧ್ವನಿಯ ಮಟ್ಟವನ್ನು ತಗ್ಗಿಸಿಟ್ಟು ಯಂತ್ರವನ್ನು ಚಾಲೂ ಮಾಡಬೇಕು. ಪ್ರತಿ ಸ್ಪೀಕರು ಆಸನದಿಂದ ಎಷ್ಟು ದೂರವಿದೆಯೆಂಬುದನ್ನು ಅಳತೆಪಟ್ಟಿಯಿಂದ ಅಳೆದು ರಿಸೀವರಿಗೆ ತಿಳಿಸಬೇಕು. ಒಂದು ಮೀಟರು ಸಾಗಲು ಶಬ್ದಕ್ಕೆ ಸೆಕೆಂಡಿನ ಸಾವಿರದಲ್ಲಿ ಸುಮಾರು ಮೂರು ಪಾಲು ಬೇಕು. ಹತ್ತಿರದ ಸ್ಪೀಕರನ್ನು ಅಷ್ಟು ತಡಮಾಡಿ, ಎಲ್ಲ ಶಬ್ದಗಳೂ ಒಟ್ಟಿಗೆ ಕಿವಿಯನ್ನು ಸೇರುವಂತೆ ಯಂತ್ರವು ನೋಡಿಕೊಳ್ಳುತ್ತದೆ. ಚಿಕ್ಕ ಸ್ಪೀಕರುಗಳಾದರೆ ೮೦ ಹರ್ಟ್ಸಿಗಿಂತ ಕೆಳಗಿನ ಧ್ವನಿಯನ್ನು ಸಬ್‌ವೂಫರಿಗೆ ಬಿಟ್ಟುಕೊಡುವುದು ರೂಢಿ.

ತಾಳಮದ್ದಲೆಯನ್ನು ಕೇಳುವಾಗ ಸುತ್ತುಧ್ವನಿಯ ಬಣ್ಣಗಳನ್ನೆಲ್ಲ ಬಿಟ್ಟು ‘ಸ್ಟೀರಿಯೋ’ ಎಂಬುದನ್ನು ಆರಿಸಬೇಕು. ಎದುರು ಕುಳಿತು ಅರ್ಥ ಹೇಳಿದವರ ಮಾತು ಬೆನ್ನ ಹಿಂದಿನಿಂದ ಕೇಳುವುದು ಅಸಹಜ. ವೃದ್ಧರಿಗೆ ಚಲನಚಿತ್ರದ ಮಾತು ತಿಳಿಯದಿದ್ದರೆ ಒಟ್ಟು ಧ್ವನಿಯನ್ನು ಏರಿಸದೆ, ಮಧ್ಯದ ಸ್ಪೀಕರಿನ ಮಟ್ಟವನ್ನು ಮಾತ್ರ ಎರಡು ಮೂರು ಡೆಸಿಬೆಲ್ ಹೆಚ್ಚಿಸಿದರೆ ಪ್ರಯೋಜನವುಂಟು. ಶಬ್ದವು ಇಮ್ಮಡಿಯಾದಂತೆ ಕೇಳಬೇಕಾದರೆ ಯಂತ್ರದ ಬಲ ಸುಮಾರು ಹತ್ತುಮಡಿಯಾಗಬೇಕು. ಆಷಾಢದ ಮಳೆ ಹೆಂಚಿನ ಮೇಲೆ ಸುರಿಯುವಾಗ ಅದರೊಡನೆ ಪೈಪೋಟಿಗಿಳಿದು ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೆ, ಚಂಡೆಯ ಪೆಟ್ಟು ಬಂದಾಗ ಅಲೆಯ ನೆತ್ತಿ ಕತ್ತರಿಸಿಹೋಗಿ ಸ್ಪೀಕರು ಹಾಳಾಗುತ್ತದೆ.

ಕರಾವಳಿಯ ಉಪ್ಪುಗಾಳಿಗೆ ತಾಮ್ರವು ಹಸಿರುಗಟ್ಟುವುದುಂಟು. ವರ್ಷಕ್ಕೊಮ್ಮೆ ತಂತಿಯ ತುದಿಗಳನ್ನು ಕತ್ತರಿಸಿ ಹೊಸದಾಗಿ ಸುಲಿದು ಜೋಡಿಸಬೇಕು. ಸಿಡಿಲಿನ ದಿನಗಳಲ್ಲಿ ವಿದ್ಯುತ್ ಪ್ಲಗ್ಗನ್ನೂ ಆಂಟೆನಾ ತಂತಿಯನ್ನೂ ಕಿತ್ತಿಡುವುದೇ ಉತ್ತಮ ರಕ್ಷಣೆ.

ಕಪಾಟಿನಲ್ಲಿರುವ ಧ್ವನಿಗಳು

ಈ ಜೋಡಣೆಯ ಮೂಲಕ ಸಾಧ್ಯವಾಗುವ ಒಂದು ಮಹತ್ಕಾರ್ಯವನ್ನು ಇಲ್ಲಿ ಸೂಚಿಸಬೇಕಾಗಿದೆ. ಕ್ಯಾಸೆಟ್ಟಿನ ಕಾಲದಲ್ಲಿ ಅಭಿಮಾನಿಗಳು ರಂಗದ ಬದಿಯಲ್ಲಿ ಕುಳಿತು ಮುದ್ರಿಸಿಕೊಂಡ ಆಟಗಳೂ ತಾಳಮದ್ದಲೆಗಳೂ ಕರಾವಳಿಯ ಮನೆಗಳಲ್ಲಿ ಉಳಿದಿವೆ. ೨೦೦೯ರಲ್ಲಿ ಕೆರೆಮನೆ ಶಂಭು ಹೆಗಡೆಯವರೂ ೨೦೧೭ರಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಅಸ್ತಂಗತರಾದರು. ಅಂತಹವರ ಧ್ವನಿಯುಳ್ಳ ಸುರುಳಿಯು ತೇವದಿಂದ ಬೂಸಲು ಹಿಡಿದುಹೋದರೆ ಆ ರಾತ್ರಿಯ ಮಾತನ್ನು ಮತ್ತೆ ಪಡೆಯುವ ದಾರಿಯಿಲ್ಲ. ಅರ್ಥಗಾರಿಕೆ ಆಶುವಾದುದರಿಂದ ಅದಕ್ಕೆ ಲಿಖಿತ ಪ್ರತಿಯೂ ಇರುವುದಿಲ್ಲ.

ಅಂತಹ ಕ್ಯಾಸೆಟ್ ದೊರೆತಾಗ ಮೊದಲು ಅದರ ಬೆನ್ನಿನ ಅಂಚಿನಲ್ಲಿರುವ ಎರಡು ಚಿಕ್ಕ ಪ್ಲಾಸ್ಟಿಕ್ ತುಣುಕುಗಳನ್ನು ಮುರಿಯಬೇಕು. ಆಗ ಅದರ ಮೇಲೆ ಕೈತಪ್ಪಿ ಬೇರೆ ಮುದ್ರಣವಾಗುವುದಿಲ್ಲ. ಬೂಸಲು ಕಂಡರೆ ಯಂತ್ರಕ್ಕೆ ಹಾಕದೆ ತಿಳಿದವರಿಂದ ಶುಚಿಗೊಳಿಸಬೇಕು. ಸುರುಳಿ ಚೆನ್ನಾಗಿದ್ದರೆ ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿ, ಡೆಕ್ಕಿನ ಪ್ಲಗ್ಗುಗಳನ್ನು ಪರಿವರ್ತಕದ ಮೂಲಕ ಕಂಪ್ಯೂಟರಿಗೆ ಸೇರಿಸಿ ನಕಲು ಮಾಡಬೇಕು. ಮುದ್ರಣದ ಮಟ್ಟವನ್ನು ಮಾತಿನ ಮೇಲೆ ನಿಶ್ಚಯಿಸದೆ, ಚಂಡೆಯ ಅತ್ಯಂತ ಬಲವಾದ ಪೆಟ್ಟಿನ ಮೇಲೆ ನಿಶ್ಚಯಿಸತಕ್ಕದ್ದು. ಸಂಕುಚಿತಗೊಳಿಸದ ‘ವೇವ್’ ರೂಪದಲ್ಲಿ ಉಳಿಸಿ, ಎರಡು ಪ್ರತಿಗಳನ್ನು ಎರಡು ಬೇರೆ ಸ್ಥಳಗಳಲ್ಲಿ ಇಡಬೇಕು. ಪ್ರಸಂಗ, ಸ್ಥಳ, ದಿನಾಂಕ, ಕಲಾವಿದರ ಹೆಸರು ಇವುಗಳನ್ನು ಬಲ್ಲ ಹಿರಿಯರು ಮನೆಯಲ್ಲಿ ಇರುವಾಗಲೇ ಕೇಳಿ ಬರೆದಿಡಬೇಕು.

ಶಾಲೆಯ ಮಕ್ಕಳು ಭೌತಶಾಸ್ತ್ರದಲ್ಲಿ ಓಮನ ನಿಯಮವನ್ನು ಓದುತ್ತಾರೆ. ಕನ್ನಡದ ತರಗತಿಯಲ್ಲಿ ಯಕ್ಷಗಾನದ ಪದ್ಯಗಳನ್ನು ಓದುತ್ತಾರೆ. ಅಜ್ಜನ ಕ್ಯಾಸೆಟ್ಟೊಂದನ್ನು ಸರಿಯಾಗಿ ಜೋಡಿಸಿ ಮನೆಯವರಿಗೆಲ್ಲ ಕೇಳಿಸಿದ ದಿನ ಈ ಎರಡು ಪಾಠಗಳೂ ಅವರಿಗೆ ಒಂದೇ ಆಗಿ ತೋರುವುವು. ಅಧ್ಯಾಪಕರು ಇದನ್ನು ಒಂದು ಅಭ್ಯಾಸವಾಗಿ ಕೊಟ್ಟರೆ, ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಕಪಾಟನ್ನು ಒಮ್ಮೆ ತೆರೆದು ನೋಡಿದರೆ, ದಾನಿಗಳು ಒಂದು ಒಳ್ಳೆಯ ಡೆಕ್ಕನ್ನು ಒದಗಿಸಿದರೆ, ಮೈಕಿಲ್ಲದ ಕಾಲದಲ್ಲಿ ಬಯಲನ್ನು ತುಂಬುತ್ತಿದ್ದ ಕಲೆಯ ಮಾತು ಮುಂದಿನ ಪೀಳಿಗೆಯ ಕಿವಿಯನ್ನೂ ಕೆಡದೆ ಸೇರೀತು.